ಅತ್ತೆಯ ಕಫದ ಡಬ್ಬಿ

ಮಾದಾಪುರದ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಇಬ್ಬರು ಓರಗಿತ್ತಿಯರು ಆಸ್ಪತ್ರೆಯ ಚೀಟಿ ಹಿಡಿದು ಕೂತಿದ್ದರು. ಕೇಳಬಾರದಿತ್ತು, ಆದರೆ ಕಿವಿ ಅಲ್ಲೇ ಹೋಯಿತು.

"ಅಕ್ಕ, ಕಫದಲ್ಲಿ ಟೀಬಿ ಸಿಕ್ಕಿದೆಯಂತೆ. ಪಾಪ, ಅತ್ತೆ."

"ಮೊನ್ನೆ ನಾನು ಕೊಟ್ಟ ಡಬ್ಬೀಲಾ?"

"ಹೂಂ, ಅದೇ."

"ಅದು ಅತ್ತೇದಲ್ಲ ಕಣೆ."

"ಮತ್ತೆ?"

"ಅವರು ಎಷ್ಟು ಕೆಮ್ಮಿದ್ರೂ ಏನೂ ಬರ್ಲಿಲ್ಲ. ನಿಂಗೆ ಬಸ್ಸಿಗೆ ಹೊತ್ತಾಯ್ತು ಅಂತ ಮಾವನೇ ಉಗಿದು ಮುಚ್ಚಳ ಹಾಕಿದ್ರು."

"ಮಾವಂದು ಬರೀ ಬೀಡಿ ಕೆಮ್ಮಲ್ವಾ?"

"ನಾವೇ ಹಂಗಂದ್ಕೊಂಡಿದ್ದು."

"ಪುಟ್ಟಿ ಎಲ್ಲಿ ಈಗ?"

"ಅತ್ತೆ ಹತ್ರ ಬಿಡೋದು ಬೇಡ ಅಂತ..."

"ಅಂತ?"

"ಮಾವನ ಮಗ್ಗುಲಲ್ಲೇ ಮಲಗಿಸಿ ಬಂದೆ."

ಬಸ್ಸಿನ್ನೂ ಬಂದಿರಲಿಲ್ಲ. ಇಬ್ಬರೂ ಎದ್ದು ಆಟೋ ಹಿಡಿಯಲು ಓಡಿದರು.