ಯಂತ್ರದ ಕಣ್ಣಿಗೆ ಬೀಳದ ಮಕ್ಕಳು

ನಮ್ಮ ನಿಮ್ಮ ಊರಿನಂಥದೇ ಒಂದೂರು. ಅಲ್ಲೊಬ್ಬ ಸಾಹುಕಾರ. ಆತನ ಮೊಮ್ಮಗಳು ಶಾಂಭವಿ ಊರ ಶಾಲೆಯಲ್ಲೇ ಓದುತ್ತಿದ್ದಳು. ಒಮ್ಮೆ ಅರ್ಧ ಶಾಲೆಗೇ ವಾಂತಿಭೇದಿ ಹತ್ತಿತು. ಶಾಂಭವಿ ಆಸ್ಪತ್ರೆ ಸೇರಿ ಸತ್ತು ಬದುಕಿದಳು. ಮಕ್ಕಳು ಕೈ ತೊಳೆಯದೆ ಉಣ್ಣುವುದೇ ಇದಕ್ಕೆ ಕಾರಣ ಎಂದರು ಡಾಕ್ಟರು.

ಸಾಹುಕಾರನ ಕರುಳು ಚುರುಕ್ಕೆಂದಿತು. ಶಾಲೆಗೆ ಕೈ ತೊಳೆಸುವ ಯಂತ್ರ ಮಾಡಿಸಲು ಹೊರಟ. ಎಂಜಿನಿಯರು ಬಂದರು, ಹೆಡ್‌ಮಾಸ್ತರು ಬಂದರು, ಹಿರಿಯರೆಲ್ಲ ಕೂತು ಚಹಾ ಕುಡಿದು ವಿಚಾರ ಮಾಡಿದರು. ನೋಡಿ, ಯಾರನ್ನು ಕೇಳಲಿಲ್ಲ? ಕೈ ತೊಳೆಯಬೇಕಾದವರನ್ನೇ ಕೇಳಲಿಲ್ಲ.

ಯಂತ್ರ ಬಂತು. ಅದಕ್ಕೊಂದು ಕಣ್ಣು. ಆ ಕಣ್ಣಿಗೆ ಯಾರು ಬಿದ್ದರೂ ಸಾಬೂನು, ನೀರು ಬಿಟ್ಟು, ಸಾಹುಕಾರನ ದನಿಯಲ್ಲೇ ಗದರುತ್ತಿತ್ತು: "ಹೊಲಸು ಕೈಲೆ ಉಣಬ್ಯಾಡ, ತಿಕ್ಕಿ ತೊಳಿ."

ದಿನಗಳು ಕಳೆದವು. ಮಕ್ಕಳ ಕೈ ಹಾಗೆಯೇ ಕೊಳಕು. ಹೆಡ್‌ಮಾಸ್ತರ ಕೈ ಮಾತ್ರ ತೊಳೆದೂ ತೊಳೆದೂ ಸುಕ್ಕುಗಟ್ಟಿತ್ತು. ಪಾಪ, ಆಫೀಸಿಗೆ ಹೋಗಲು ಯಂತ್ರದ ಮುಂದೆಯೇ ದಾಟಬೇಕು, ದಾಟಿದಾಗಲೆಲ್ಲ ಬೈಸಿಕೊಳ್ಳಬೇಕು.

ಮಕ್ಕಳಿಗೆ ಶಿಸ್ತಿಲ್ಲವೆಂದು ಸಾಹುಕಾರ ಸಿಟ್ಟಿನಿಂದ ಬಂದ. ಬಾಯಿ ತೆರೆಯುವಷ್ಟರಲ್ಲಿ ಯಂತ್ರ ಆತನದೇ ದನಿಯಲ್ಲಿ ಆತನನ್ನೇ ಗದರಿತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಯಾವ ಕೈ? ತೊಳೆಯದ ಕೈ.

ಶಾಂಭವಿ ಯಂತ್ರದೆದುರು ಹೋಗಿ ನಿಂತಳು. ಅದು ಸುಮ್ಮನಿತ್ತು. ಜಿಗಿದಳು, ಕುಣಿದಳು. ಹನಿ ನೀರೂ ಬರಲಿಲ್ಲ.

"ಅಜ್ಜಾ, ಅದಕ್ಕ ನಾವು ಕಾಣಂಗಿಲ್ಲ," ಎಂದಳು.

ಸಾಹುಕಾರ ಧೋತರ ಎತ್ತಿಕೊಂಡು ಅವಳ ಪಕ್ಕ ಮಂಡಿಯೂರಿದ. ಅಲ್ಲಿಂದ ನೋಡಿದರೆ ಯಂತ್ರದ ಕಣ್ಣು ಎಲ್ಲೋ ಮುಗಿಲಲ್ಲಿತ್ತು. ಆತನಿಗೆ ನಾಚಿಕೆಯಾಯಿತು.

"ಮತ್ತ ಹ್ಯಾಂಗಿರಬೇಕವ್ವಾ?"

ಕೇಳಿದ್ದೇ ತಡ, ಮಕ್ಕಳೆಲ್ಲ ಮುತ್ತಿಕೊಂಡರು. ಕಣ್ಣು ಕೆಳಗಿರಲಿ ಎಂದರು, ಗೆಳೆಯರೊಂದಿಗೆ ತೊಳೆಯಲು ನಲ್ಲಿ ಸಾಲಾಗಿರಲಿ ಎಂದರು, ಬೈಯುವುದು ಬೇಡವೇ ಬೇಡ, ಯಂತ್ರ ಎಮ್ಮೆಯಂತೆ ಕೂಗಲಿ ಎಂದರು. ಎಮ್ಮೆಯೇ ಎಂದು ಎಂಜಿನಿಯರು ತಲೆ ಕೆರೆದುಕೊಂಡರೂ ಹಾಗೆಯೇ ಮಾಡಿಕೊಟ್ಟರು. ಆಮೇಲೆ ಹಸಿವಿಲ್ಲದ ಮಕ್ಕಳೂ ಸಾಲುಗಟ್ಟಿ ಕೈ ತೊಳೆದರು. ವಾಂತಿಭೇದಿ ಆ ಶಾಲೆಯ ದಾರಿಯನ್ನೇ ಮರೆಯಿತು.

ತಾಯಂದಿರೇ, ಅಣ್ಣಗಳಿರಾ, ಸಾಹುಕಾರನನ್ನು ನೋಡಿ ನಕ್ಕಿರಿ. ನಗಿರಿ. ಆದರೆ ನಿಮ್ಮ ಮಗುವಿಗೆಂದು ಮೊಬೈಲಿನಲ್ಲಿ ಪಾಠ ಹಾಕಿಸಿದಿರಲ್ಲ, ಮಗುವನ್ನು ಕೇಳಿದಿರಾ? ಓದುವ ಮೇಜು, ಕುರ್ಚಿ ಮಾಡಿಸಿದಿರಲ್ಲ, ಕೂತಾಗ ಮಗುವಿನ ಕಾಲು ನೆಲಕ್ಕೆ ಮುಟ್ಟುತ್ತದೆಯೇ ಎಂದು ನೋಡಿದಿರಾ? ಇನ್ನು ಮುಂದೆ ಮಕ್ಕಳಿಗಾಗಿ ಏನು ಮಾಡಿಸುವುದಿದ್ದರೂ ಮೊದಲು ನೆಲದ ಮೇಲೆ ಕೂತು ಅವರನ್ನು ಕೇಳಿ. ಕೇಳುವುದು ಸುಲಭ. ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡು ಕೂರುವುದಿದೆಯಲ್ಲ, ಅದೇ ತಪಸ್ಸು. ಆ ತಪಸ್ಸನ್ನು ಇವತ್ತಿನ ಊಟದಿಂದಲೇ ಶುರುಮಾಡಿ.