ಹುಳದ ಮನೆಯ ಸೊಳ್ಳೆಬತ್ತಿ

ತೊಂಬತ್ತೆರಡರ ಮಳೆಗಾಲ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಂದೇ ಊರಿನ ಇಬ್ಬರು ಹೆಂಗಸರು ಕೂತಿದ್ದರು. ವಯಸ್ಸಾದಾಕೆ ಕೇಳಿದರು:

“ವರಲಕ್ಷ್ಮಿ, ಸೊಳ್ಳೆಬತ್ತಿ ಹೊಗೆಗೆ ರೇಷ್ಮೆ ಹುಳ ಸಾಯ್ತವಾ?”

“ಸಾಯದೆ ಇನ್ನೇನು ಪಿಳ್ಳಕ್ಕ. ಸೊಳ್ಳೆಗೆ ವಿಷ ಆಗೋದು ಹುಳಕ್ಕೂ ವಿಷ. ಎರಡೂ ಒಂದೇ ಕುಲ ಅಂತ ರೇಷ್ಮೆ ಇಲಾಖೆ ಟ್ರೈನಿಂಗಲ್ಲಿ ಹೇಳಿದ್ರು.”

“ನಮಗೇನೂ ಆಗಲ್ವಲ್ಲ.”

“ನಾವೇನು ಹುಳಾನಾ? ನಿಮ್ಮವು ಹೆಂಗೆ ಸತ್ವು?”

“ಹಸಿರು ನೀರು ಕಾರ್ಕೊಂಡು, ಒದ್ದಾಡಿ ಒದ್ದಾಡಿ.”

“ಹಂಗಾದ್ರೆ ವಿಷಾನೇ. ಸೊಸೆ ಸುಗುಣ ಮುಟ್ಟಾಗಿದ್ದಾಗ ಹುಳದ ಮನೆಗೆ ಬಂದ್ಳು, ಅದಕ್ಕೇ ಸತ್ವು ಅಂತ ಊರಿಗೆಲ್ಲ ಹೇಳಿದ್ಯಲ್ಲ?”

“ಹೇಳ್ದೆ.”

“ಬತ್ತಿ ಹಚ್ಚಿದ್ದು ಯಾರು?”

ಪಿಳ್ಳಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು.

“ಹುಳ ಕಾಯೋಕೆ ಅಲ್ಲಿ ಮಲಗೋಳು ನಾನೇ ಅಲ್ವೇನೇ. ಸೊಳ್ಳೆ ಕಾಟ ತಡೆಯೋಕಾಗ್ಲಿಲ್ಲ.”

“ಸುಗುಣ ಆವತ್ತು ಏನಂದ್ಳು?”

“‘ಅತ್ತೆ, ನಾನು ಹೊಸ್ತಿಲು ದಾಟಿಲ್ಲ’ ಅಂದ್ಳು. ನಾನು ನಂಬಲಿಲ್ಲ. ಬಟ್ಟೆ ಗಂಟು ಕಟ್ಕೊಂಡು ಚಿಂತಾಮಣಿ ಕಡೆ ಅಂಬಾಜಿದುರ್ಗದ ಹತ್ರ ಅವರಮ್ಮನ ಮನೆಗೆ ಹೋದ್ಳು.”

“ನಿನ್ನ ಮಗನಿಗೆ ಹೇಳಿದ್ಯಾ, ಬತ್ತಿ ವಿಷಯ?”

“ಯಾರಿಗೂ ಹೇಳಿಲ್ಲ. ನೀನೇ ಮೊದಲು.”

“ನನಗೆ ಹೇಳಿ ಏನು ಬಂತಕ್ಕ?”

ಚಿಂತಾಮಣಿ ಬಸ್ಸು ಬಂದು ನಿಂತಿತು. ಪಿಳ್ಳಕ್ಕ ಚೀಲ ಎತ್ತಿಕೊಂಡು ಎದ್ದರು.

“ಅದು ನಮ್ಮೂರ ಬಸ್ಸಲ್ಲ ಕಣಕ್ಕ.”

“ಗೊತ್ತು ಕಣೇ. ಸುಗುಣನ ಹತ್ರ ಹೋಗ್ತೀನಿ.”

“ಅವಳು ಒಳಗೆ ಕರೀದೆ ಇದ್ರೆ?”

“ಹೊಸ್ತಿಲಾಚೆ ನಿಂತೇ ಹೇಳ್ತೀನಿ. ಅಕ್ಕಪಕ್ಕದೋರಿಗೂ ಕೇಳಿಸ್ಲಿ.”