ಅವ್ವನ ಅಂಗೈಯಲ್ಲಿದ್ದ ಲಿಂಗ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರಾದ ಶಶಿಕಾಂತ್ ಅವರೇ, ಇಲ್ಲಿಯವರೆಗೆ ನನ್ನನ್ನು ಹೊಗಳಿ ಹೊಗಳಿ ಗಾಬರಿಗೊಳಿಸಿದ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಹಾಜರಿ ಕೊಡುತ್ತೇವೆಂದು ಹೇಳಿ ಕೂಡಿಸಿರುವ ವಿದ್ಯಾರ್ಥಿಗಳೇ ಮತ್ತು ಸಭಿಕರೇ,

ಮೂವತ್ತೊಂದು ವರ್ಷ ಬಳ್ಳಾರಿಯ ಈ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿದವನಿಗೆ ನಿವೃತ್ತಿಯ ದಿನ ಇಪ್ಪತ್ತು ನಿಮಿಷ ಕೊಟ್ಟಿದ್ದೀರಿ. ವಿಷಯವನ್ನೂ ನೀವೇ ಆರಿಸಿದ್ದೀರಿ: ಪ್ರಾಚೀನರ ದೃಷ್ಟಿಯಲ್ಲಿ ಧರ್ಮಶ್ರದ್ಧೆ. ಬೇರೆ ಯಾವ ವಿಷಯ ಕೊಟ್ಟಿದ್ದರೂ ಸಲೀಸಾಗಿ ಮಾತನಾಡುತ್ತಿದ್ದೆ. ಇದೇ ಪ್ರಶ್ನೆಯನ್ನು ಪ್ರತಿ ವರ್ಷ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಕೇಳಿದವನು ನಾನು. ಎರ್ರೆಪ್ಪ ಎಂಬ ಹುಡುಗ ಒಮ್ಮೆ, 'ನನಗೆ ಗೊತ್ತಿಲ್ಲ ಸರ್, ನಮ್ಮವ್ವಗೆ ಗೊತ್ತು' ಎಂದು ಬರೆದಿದ್ದ. ಸೊನ್ನೆ ಹಾಕಿದ್ದೆ. ನಗಬೇಡಿ, ಈಗ ಅದಕ್ಕೆ ಎಷ್ಟು ಹಾಕಬೇಕೆಂದು ನನಗೇ ತಿಳಿಯುತ್ತಿಲ್ಲ.

ಇರಲಿ. ಪ್ರಾಚೀನ ರೋಮನ್ನರಲ್ಲಿ ಪಿಯೆಟಾಸ್ ಎಂಬ ಪದವಿತ್ತು. ದೇವರಿಗೆ ಸಲ್ಲಿಸಬೇಕಾದದ್ದು, ಹೆತ್ತವರಿಗೆ ಸಲ್ಲಿಸಬೇಕಾದದ್ದು, ಹುಟ್ಟಿದ ನಾಡಿಗೆ ಸಲ್ಲಿಸಬೇಕಾದದ್ದು, ಮೂರಕ್ಕೂ ಅವರಿಗೆ ಒಂದೇ ಪದ ಸಾಕಾಗಿತ್ತು. ಎಷ್ಟು ಸುಂದರ! ಮೂವತ್ತೊಂದು ವರ್ಷ ನಾನೂ ಎಷ್ಟು ಸುಂದರ ಎಂದೇ ಪಾಠ ಮಾಡಿದೆ. ಆದರೆ ದೇವರಿಗೆ ಸಲ್ಲಬೇಕಾದದ್ದೂ ತಾಯಿಗೆ ಸಲ್ಲಬೇಕಾದದ್ದೂ ಒಂದಕ್ಕೊಂದು ಎದುರು ನಿಂತರೆ ಏನು ಮಾಡಬೇಕು? ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳಲಿಲ್ಲ.

ಆ ರೋಮನ್ನರಲ್ಲೇ ಇನ್ನೊಂದು ಕಟ್ಟುನಿಟ್ಟಿತ್ತು. ಪೂಜೆಯ ನಡುವೆ ಏನಾದರೂ ತಪ್ಪಿದರೆ ಇಡೀ ಪೂಜೆಯನ್ನು ಮೊದಲಿನಿಂದ ಮಾಡಬೇಕಿತ್ತು. ಹಾಗಾದರೆ ಮೂರು ತಿಂಗಳು ತಪ್ಪಿದ್ದರೆ? ತಪ್ಪಿದ್ದು ಪೂಜೆ ಮಾಡಿದವರಿಗೇ ಗೊತ್ತಿಲ್ಲದಿದ್ದರೆ? ಟಿಪ್ಪಣಿಯಲ್ಲಿ ಇದು ಇಲ್ಲ. ಕನ್ನಡಕ ಹಾಕಿಕೊಂಡರೂ ಸರಿಯಾಗಿ ಕಾಣಿಸುತ್ತಿಲ್ಲ. ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ.

ನಮ್ಮ ಅವ್ವ ಚನ್ನವೀರಮ್ಮ, ಕುರುಗೋಡಿನವಳು. ಎಂಬತ್ತೆರಡು ವರ್ಷ. ಮೊಣಕಾಲು ನೋವೆಂದು ಇವತ್ತು ಕಂಟೋನ್ಮೆಂಟಿನ ನಮ್ಮ ಮನೆಯಲ್ಲೇ ಉಳಿದಿದ್ದಾಳೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಎಂಟನೆಯ ವಯಸ್ಸಿಗೆ ದೀಕ್ಷೆಯಾದಾಗಿನಿಂದ ಅವಳು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ನೀರು ಕುಡಿದವಳಲ್ಲ. ನಾನೋ, ಹಾಸ್ಟೆಲಿಗೆ ಸೇರಿದ ವರ್ಷವೇ ನನ್ನ ಲಿಂಗವನ್ನು ಟ್ರಂಕಿನಲ್ಲಿಟ್ಟವನು. ದೊಡ್ಡ ವಿಚಾರವಂತ!

ಮೂರು ತಿಂಗಳ ಹಿಂದೆ ಅವ್ವನಿಗೆ ಸ್ಕ್ಯಾನಿಂಗ್ ಮಾಡಿಸಬೇಕಾಯಿತು. ಮೈಮೇಲೆ ಏನೂ ಇರಬಾರದು ಎಂದರು. ಅವ್ವ ಒಪ್ಪಲಿಲ್ಲ, ಬೆಳ್ಳಿಯ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಕೊನೆಗೆ ನಾನೇ ಕೊರಳಿನ ಶಿವದಾರವನ್ನು ಬಿಚ್ಚಿ, ಕರಡಿಗೆಯನ್ನು ಒಳಗಿನ ಲಿಂಗದ ಸಮೇತ ಅಂಗಿಯ ಜೇಬಿಗೆ ಹಾಕಿಕೊಂಡೆ. ಅಲ್ಲೇ ಸಿರುಗುಪ್ಪದ ಮರಿಬಸಪ್ಪ ಎಂಬುವರು ತಮ್ಮ ತಾಯಿಯನ್ನು ಕರೆತಂದಿದ್ದರು. ಅವರ ತಾಯಿಯದೂ ಅಂಥದೇ ಕರಡಿಗೆ. "ಸರ್, ಬಿಲ್ ಕಟ್ಟಿ ಬರ್ತೀನಿ, ಇದನ್ನ ಸ್ವಲ್ಪ ಹಿಡ್ಕೊಳ್ರಿ, ನೆಲದ ಮ್ಯಾಲ ಇಡಬಾರದು" ಎಂದು ನನ್ನ ಕೈಗೆ ಕೊಟ್ಟು ಹೋದರು. ಅದನ್ನು ಇನ್ನೊಂದು ಜೇಬಿಗೆ ಹಾಕಿಕೊಂಡೆ.

ಅವ್ವ ಹೊರಗೆ ಬಂದವಳೇ ಕೈ ಚಾಚಿದಳು. "ಲಗೂನ ಕೊಡೋ ಚನ್ನಾ, ಗಂಟಲು ಒಣಗೈತಿ." ಯಾವ ಜೇಬಿನಲ್ಲಿ ಯಾವುದು? ತೆರೆದು ನೋಡಿದ್ದರೆ ಒಳಗಿನ ಬಟ್ಟೆಯ ಬಣ್ಣದಿಂದಲೇ ತಿಳಿಯುತ್ತಿತ್ತು, ಅವ್ವನದು ಹಸಿರು. ನೋಡಲಿಲ್ಲ. ಇನ್ನೊಬ್ಬರ ಇಷ್ಟಲಿಂಗವನ್ನು ಮುಟ್ಟಬಾರದು ಎಂಬ ಒಂದು ಸಂಸ್ಕಾರ ಮಾತ್ರ ನನ್ನಲ್ಲಿ ಎಲ್ಲೋ ಉಳಿದುಕೊಂಡಿತ್ತು ನೋಡಿ, ಅದು ಅವತ್ತೇ ಎದ್ದು ಕೂತಿತು. ಎಡಗಡೆಯದನ್ನು ಕೊಟ್ಟೆ. ಬಿಲ್ ಕಟ್ಟಿ ಬಂದ ಮರಿಬಸಪ್ಪನವರು ನನ್ನ ಫೋನ್ ನಂಬರು ಬರೆದುಕೊಂಡು ಬಲಗಡೆಯದನ್ನು ಒಯ್ದರು.

ಮರುದಿನ ಪೂಜೆಗೆ ಕೂತಾಗ ಅವ್ವ ಕೇಳಿದಳು, "ಇದು ಭಾರ ಆಗೈತಲ್ಲೋ?" ಅವಳ ಕಣ್ಣು ಮಂಜಾಗಿದೆ, ಬಟ್ಟೆಯ ಬಣ್ಣ ತಿಳಿಯುವುದಿಲ್ಲ, ಕೈ ಮಾತ್ರ ಸುಳ್ಳು ಹೇಳುವುದಿಲ್ಲ. ನಾನು ಹೇಳಿದೆ, "ಆಸ್ಪತ್ರಿಗೆ ಹೋಗಿ ನಿನ್ನ ಕೈ ಸೋತಾವ ಬೇ." ತರ್ಕಶಾಸ್ತ್ರವನ್ನೂ ಪಾಠ ಮಾಡಿದವನಲ್ಲವೇ, ಉತ್ತರ ತಕ್ಷಣ ಬಂತು. ತಿಂಗಳಾದ ಮೇಲೆ ಅವ್ವ ತಾನೇ ಹೇಳಿದಳು, "ಈಗ ಹಗುರಾತು ನೋಡು. ನೀ ಅಂದಿದ್ದು ಖರೆ."

ಹದಿನೆಂಟು ದಿನದ ಹಿಂದೆ ಮರಿಬಸಪ್ಪನವರ ಫೋನು ಬಂತು. "ಸರ್, ನಮ್ಮವ್ವ ತೀರಿಕೊಂಡ್ಲು ರಿ. ಆಸ್ಪತ್ರಿಯಿಂದ ಬಂದಾಗಿಂದ ಹಾಸಿಗಿ ಹಿಡಿದಿದ್ಲು, ಕರಡಿಗಿ ಯಾರೂ ತೆರೆದಿರಲಿಲ್ಲ. ಮಣ್ಣು ಮಾಡೋವಾಗ ಕರಡಿಗಿ ತೆರದ್ವಿ, ಒಳಗ ಹಸಿರು ಅರಿವಿ ಇತ್ತು. ನಮ್ಮವ್ವಂದು ಬಿಳಿ ಅರಿವಿ. ಕುಣಿ ತೋಡಿ ಆಗಿತ್ತು, ಮಂದಿ ನಿಂತಿದ್ರು. ಅಯ್ಯನೋರು ಲಗೂ ಮಾಡ್ರಿ ಅಂದ್ರು. ಅದನ್ನ ಅವ್ವನ ಕೈಯಾಗ ಇಟ್ಟು ಮುಚ್ಚಿಬಿಟ್ವಿ. ನಮ್ಮದು ನಿಮ್ಮ ಹತ್ರ ಐತೇನ್ರಿ? ಅವ್ವನ ಲಿಂಗ ಅವ್ವನ ಹತ್ರನ ಸೇರಬೇಕು ಸರ್. ನನಗ ಉಂಡದ್ದು ಮೈಗೆ ಹತ್ತವಲ್ದು."

ನೋಡಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಅವ್ವ ನಿದ್ದೆ ಹೋದಾಗ ಅವಳ ಕೊರಳಿನ ಕರಡಿಗೆ ತೆರೆದು ನೋಡಿದೆ. ಬಿಳಿಯ ಬಟ್ಟೆ. ಹಾಗೇ ಮುಚ್ಚಿಟ್ಟೆ. ಅಲ್ಲಿಂದ ಹದಿನೆಂಟು ದಿನ, ದಿನಾ ಬೆಳಿಗ್ಗೆ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದೇನೆ. ಅವ್ವ ಆ ಲಿಂಗದ ಜೊತೆ ಮಾತನಾಡುತ್ತಾಳೆ, ನನ್ನ ನಿವೃತ್ತಿಯ ಸುದ್ದಿಯನ್ನೂ ಹೇಳಿದ್ದಾಳೆ. ಅದು ಈಗ ಯಾರ ಲಿಂಗ? ಎಪ್ಪತ್ತು ವರ್ಷ ಪೂಜಿಸಿ ಮಣ್ಣಿಗೆ ಹೋದವಳದೋ, ಮೂರು ತಿಂಗಳಿಂದ ಪೂಜಿಸುತ್ತಿರುವವಳದೋ? ಅವ್ವನಿಗೆ ಹೇಳಿದರೆ ತಾಯಿಯ ಪ್ರಾಣಕ್ಕೆ ಸಂಚಕಾರ. ಹೇಳದಿದ್ದರೆ ಸಿರುಗುಪ್ಪದಲ್ಲಿ ಒಬ್ಬ ಮಗನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಪ್ರಾಚೀನರು ಏನು ಹೇಳುತ್ತಾರೆ? ಎಲ್ಲರನ್ನೂ ತಿರುವಿ ಹಾಕಿದೆ. ಒಬ್ಬರು ಹೇಳು ಎಂದಂತೆ ಕೇಳಿಸುತ್ತದೆ, ಇನ್ನೊಬ್ಬರು ಸುಮ್ಮನಿರು ಎಂದಂತೆ. ಎಲ್ಲರೂ ನನಗೆ ಬೇಕಾದ ಹಾಗೆಯೇ ಮಾತನಾಡುತ್ತಿದ್ದಾರೆ ಎಂಬ ಅನುಮಾನವೂ ಬಂದಿದೆ. ಆದ್ದರಿಂದ ಸಭಿಕರೇ, ಧರ್ಮಶ್ರದ್ಧೆ ಎಂದರೆ...

ಅಕ್ಷತಾ? ಯಾವಾಗ ಬಂದೆ?

ಕ್ಷಮಿಸಿ. ಕೊನೆಯ ಸಾಲಿನಲ್ಲಿ ನಿಂತಿರುವವಳು ನನ್ನ ಮಗಳು. ಅವಳ ಪಕ್ಕದ ಕುರ್ಚಿಯಲ್ಲಿ... ಅಪ್ಪನಿಗೆ ಗೊತ್ತಾಗದ ಹಾಗೆ ಅಜ್ಜಿಯನ್ನು ಆಟೋದಲ್ಲಿ ಕರೆತಂದು ಖುಷಿಪಡಿಸಬೇಕೆಂದುಕೊಂಡಿದ್ದಾಳೆ. ಎಷ್ಟು ಹೊತ್ತಾಯಿತು ಬಂದು? ಆಸ್ಪತ್ರೆಯ ಮಾತಿಗೆ ಮುಂಚೆಯೇ? ಆಯಿತು. ಅವ್ವನ ಕಿವಿ ಚೆನ್ನಾಗಿದೆ, ಈ ಮೈಕೂ ಇವತ್ತೇ ಚೆನ್ನಾಗಿದೆ.

ಅವ್ವಾ, ಮೊದಲ ನಿನಗ ಹೇಳಬೇಕಿತ್ತು ನಾನು. ಮಂದಿ ಮುಂದ ಹೇಳಿಬಿಟ್ಟೆ. ಹೆದರಿದ್ದೆ ಬೇ.

ಸಭಿಕರೇ, ದಯವಿಟ್ಟು ತಿರುಗಿ ನೋಡಬೇಡಿ. ಅವ್ವ ಶಿವದಾರವನ್ನು ತಾನೇ ಕೊರಳಿನಿಂದ ತೆಗೆಯುತ್ತಿದ್ದಾಳೆ. ಕಣ್ಣಿಗೆ ಒತ್ತಿಕೊಂಡಳು. ಇನ್ನೊಂದು ಸಲ ಒತ್ತಿಕೊಂಡಳು. ಅಕ್ಷತಾಳ ಕೈಗೆ ಕೊಟ್ಟಳು. ಆ ಕಡೆಯವರು ಸ್ವಲ್ಪ ದಾರಿ ಬಿಡಿ, ಮಗಳು ವೇದಿಕೆಗೆ ಬರುತ್ತಿದ್ದಾಳೆ. ಅವ್ವ ನನಗೆ ಸಿರುಗುಪ್ಪದ ದಿಕ್ಕು ತೋರಿಸುತ್ತಿದ್ದಾಳೆ. ಮೂರು ತಿಂಗಳಿಂದ ಅಂಗೈಯಲ್ಲಿಟ್ಟುಕೊಂಡದ್ದನ್ನು ಕೊಡಲು ಅವಳಿಗೆ ಮೂರು ನಿಮಿಷವೂ ಬೇಕಾಗಲಿಲ್ಲ.

ಪ್ರಾಂಶುಪಾಲರೇ, ಶಾಲು, ಹಾರ ಇನ್ನೊಂದು ದಿನ ನೋಡೋಣ. ಇದನ್ನು ಮರಿಬಸಪ್ಪನವರಿಗೆ ಮುಟ್ಟಿಸಿ, ಕುರುಗೋಡಿನ ಸ್ವಾಮಿಗಳ ಕಾಲು ಹಿಡಿದು ಅವ್ವನಿಗೆ ಬೇರೆ ಲಿಂಗ ಕಟ್ಟಿಸುವವರೆಗೆ ಅವಳು ಹನಿ ನೀರು ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯ ಜೀವ. ಅವಳು ಉಣ್ಣುವವರೆಗೆ ನಾನೂ ಉಣ್ಣುವುದಿಲ್ಲ. ಇದು ಶ್ರದ್ಧೆಯೋ, ಭಯವೋ, ಮಾಡಿದ ತಪ್ಪಿನ ಸಂಕಟವೋ, ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ನೀವೆಲ್ಲ ಸಾವಕಾಶ ಊಟ ಮಾಡಿಕೊಂಡು ಹೋಗಿ. ಮೂವತ್ತೊಂದು ವರ್ಷ ನನ್ನನ್ನು ಸಹಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಎಲ್ಲರಿಗೂ ನಮಸ್ಕಾರ.

ಅವ್ವಾ, ಒಬ್ಬಾಕಿನ ಮೆಟ್ಟಿಲು ಇಳೀಬ್ಯಾಡ. ನಿಲ್ಲು, ಬಂದೆ.